ಖಾಲಿ ಎಂದು ಬರೆಸಿದ ಕೋವಿ: ಶಿರಸಿ ಸೀಮೆಯ ಒಂದು ಠಾಣೆಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಯಾರೂ ಸಾಯಲಿಲ್ಲ. ಮೂರು ಹೆಂಚು ಒಡೆದವು, ಠಾಣೆಯ ರೈಟರ್ ತಲೆಗೆ ನಾಲ್ಕು ಹೊಲಿಗೆ ಬಿದ್ದವು, ನನ್ನ ಎಡಗಿವಿಯಲ್ಲಿ ಎರಡು ದಿನ ಜೀರುಂಡೆ ಕೂಗಿತು. ಅಷ್ಟೇ. ಅಷ್ಟೇ ಆದ್ದರಿಂದ ಪೇಪರಿನಲ್ಲಿ ಬರಲಿಲ್ಲ, ಕೇಸೂ ಆಗಲಿಲ್ಲ. ಠಾಣೆ ಯಾವುದೆಂದು ಬರೆಯುವುದಿಲ್ಲ. ಘಟ್ಟದ ಮೇಲಿನದು, ಹಳೇ ಹೆಂಚಿನ ಮಾಡಿನದು, ಅಷ್ಟು ಸಾಕು. ಅಲ್ಲಿದ್ದವರೆಲ್ಲ ಒಳ್ಳೆಯವರೇ, ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

2023ರ ವಿಧಾನಸಭೆ ಚುನಾವಣೆಯ ಹೊತ್ತು. ಮಾರ್ಚ್ 29ಕ್ಕೆ ನೀತಿ ಸಂಹಿತೆ ಬಂತು, ಮತದಾನ ಮೇ 10ಕ್ಕೆ. ನಮ್ಮ ಕಡೆ ನೀತಿ ಸಂಹಿತೆ ಎಂದರೆ ಮೊದಲು ನೆನಪಾಗುವುದು ಭಾಷಣ ಅಲ್ಲ, ಬ್ಯಾನರ್ ಅಲ್ಲ, ಕೋವಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿಯನ್ನು ಠಾಣೆಗೆ ಒಯ್ದು ಇಡಬೇಕು, ಚುನಾವಣೆ ಮುಗಿದ ಮೇಲೆ ತರಬೇಕು. ಯಾರದನ್ನು ಇಡಿಸಬೇಕು, ಯಾರಿಗೆ ಬಿಡಬಹುದು ಎಂದು ನೋಡಲು ಜಿಲ್ಲೆಗೊಂದು ಸ್ಕ್ರೀನಿಂಗ್ ಸಮಿತಿ ಇರುತ್ತದೆ. ಆದರೆ ಊರಿಗೆ ಬರುವುದು ಒಂದೇ ಮಾತು, 'ಕೋವಿ ತಂದಿಡಿ'. ಅಡಿಕೆ, ಬಾಳೆಗೆ ಮಂಗ ಬೀಳುವುದೂ ಅದೇ ಬೇಸಿಗೆಯಲ್ಲಿ. ಮಂಗಕ್ಕೆ ನೀತಿ ಸಂಹಿತೆ ಗೊತ್ತಿಲ್ಲ ಎಂಬ ಹಳೇ ತಮಾಷೆ ಪ್ರತಿ ಚುನಾವಣೆಗೂ ಒಮ್ಮೆ ನಡೆಯುತ್ತದೆ, ಎಲ್ಲರೂ ಹೊಸದಾಗಿ ಕೇಳಿದ ಹಾಗೆ ನಗುತ್ತಾರೆ.

ನಮ್ಮದು ಒಂಟಿ ನಳಿಗೆಯ ಕೇಪಿನ ಕೋವಿ. ನೋಡದವರಿಗಾಗಿ ಸ್ವಲ್ಪ ವಿವರ ಬೇಕು, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದು ಇದರ ಮೇಲೇ. ಪೊಲೀಸರ ರೈಫಲ್ಲು, ಪಿಸ್ತೂಲು, ಕೊನೆಗೆ ಸಿದ್ಧ ತೋಟಾ (ಕಾರ್ಟ್ರಿಜ್) ಹಾಕುವ ನಮ್ಮ ತೋಟಾ ಕೋವಿ ಕೂಡ ಹಿಂದಿನಿಂದ ತೆರೆಯುತ್ತವೆ. ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೇಪಿನ ಕೋವಿ ತೆರೆಯುವುದೇ ಇಲ್ಲ. ಎಲ್ಲ ನಳಿಗೆಯ ಬಾಯಿಯಿಂದ. ಮೊದಲು ಕರಿಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರೋ ಕಾಗದವೋ ತುರುಕಿ ಸರಳಿನಿಂದ ಜಡಿಯಬೇಕು, ಆಮೇಲೆ ಚರೆ, ಅಂದರೆ ಸಣ್ಣ ಗುಂಡುಗಳು, ಅದರ ಮೇಲೆ ಇನ್ನೊಂದಿಷ್ಟು ನಾರು. ಈ ಜಡಿಯುವ ಸರಳಿಗೆ ಗಜ ಅನ್ನುತ್ತೇವೆ, ಕೋವಿಯ ಹೊಟ್ಟೆಗೇ ಸಿಕ್ಕಿಸಿಟ್ಟಿರುತ್ತದೆ. ನಳಿಗೆಯ ಬುಡದಲ್ಲಿ ಹೊರಗಡೆ ಒಂದು ಸಣ್ಣ ಮೊಳೆಯಂಥ ತೂತಿನ ತುದಿ, ಅದರ ಮೇಲೆ ತಾಮ್ರದ ಪುಟ್ಟ ಟೊಪ್ಪಿ. ಅದೇ ಕೇಪು. ಟ್ರಿಗರ್ ಒತ್ತಿದಾಗ ಕುದುರೆ, ಅಂದರೆ ಸುತ್ತಿಗೆಯಂಥ ತುಂಡು, ಬಂದು ಕೇಪಿಗೆ ಬಡಿದರೆ ಕಿಡಿ ಒಳಗೆ ಹೋಗಿ ಮದ್ದು ಹತ್ತುತ್ತದೆ.

ಇದರಲ್ಲಿ ಎರಡು ಮೋಸ ಇವೆ. ಒಂದು, ಕೇಪು ತೆಗೆದರೂ ಈಡು, ಅಂದರೆ ತುಂಬಿದ ಮದ್ದು ಚರೆ, ಒಳಗೇ ಇರುತ್ತದೆ. ವರ್ಷಗಟ್ಟಲೆ ಇರುತ್ತದೆ. 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ, ಇಷ್ಟೇ ಕರಿಮದ್ದು. ಒಣಗಿದ್ದರೆ ಅದು ಹಾಳಾಗುವ ವಸ್ತುವೇ ಅಲ್ಲ. ಎರಡು, ಕುದುರೆಯನ್ನು ಕೇಪಿನ ಮೇಲೆ ಮೆಲ್ಲಗೆ ಇಳಿಸಿ ಇಟ್ಟರೆ ಅದರ ಮೂತಿ ಕೇಪನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕೋವಿ ಮಲಗಿದ ಹಾಗೆ.

ಅಪ್ಪಯ್ಯ ಪ್ರತಿ ಸಲ ಠಾಣೆಗೆ ಕಳಿಸುವ ಮೊದಲು ಮನೆ ಹಿಂದಿನ ಧರೆಗೆ ಒಂದು ಈಡು ಹೊಡೆದು ಖಾಲಿ ಮಾಡುತ್ತಿದ್ದರು. ಆ ಸಲವೂ ಮಾಡಿದ್ದರು. ಮರುದಿನ ಬಾಳೆಗೆ ಮಂಗ ಬಂತು, ಚಿಕ್ಕಪ್ಪನ ಮಗ ಮತ್ತೆ ತುಂಬಿದ, ಅಷ್ಟರಲ್ಲಿ ಮಂಗಗಳು ಹೋದವು, ಅವನು ಕುದುರೆ ಇಳಿಸಿ ಗೋಡೆಗೆ ನೇತುಹಾಕಿ ಪೇಟೆಗೆ ಹೋದ. ಯಾರೂ ಯಾರಿಗೂ ಹೇಳಲಿಲ್ಲ. ಲೈಸೆನ್ಸ್ ಅಪ್ಪಯ್ಯನ ಹೆಸರಲ್ಲಿ, ಕೋವಿ ಹಿಡಿಯುವವರು ಮನೆಯಲ್ಲಿ ಮೂವರು. ಇದನ್ನು ಬರೆಯುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ, ಆದರೆ ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಮುಖ ನನಗಿಲ್ಲ.

ಏಪ್ರಿಲ್ ಮೊದಲ ವಾರ ನಾನು ಹೊರಟಾಗ ಅಪ್ಪಯ್ಯ ಜಗುಲಿಯಿಂದಲೇ ಹೇಳಿದರು, "ತಮಾ, ಖಾಲಿ ಇದ್ದು, ತಗಂಡು ಹೋಗು." ನನಗೆ ಗಜ ಹಾಕಿ ನೋಡಲು ಬರುತ್ತದೆ. ಅರ್ಧ ನಿಮಿಷದ ಕೆಲಸ. ನೋಡಲಿಲ್ಲ. ಗೋಣಿಚೀಲ ಸುತ್ತಿ, ಹೆಗಲಿಗೆ ಅಡ್ಡ ಹಾಕಿ, ಬೈಕಿನಲ್ಲಿ ಹದಿನಾಲ್ಕು ಕಿಲೋಮೀಟರ್ ಹೋದೆ. ರಸ್ತೆ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ತುಂಬಿದ ಕೋವಿ, ಕುದುರೆ ಕೇಪಿನ ಮೇಲೇ ಕೂತಿದೆ, ನಳಿಗೆಯ ಬಾಯಿ ನನ್ನ ಕಿವಿಯ ಹಿಂದೆ. ಎಲ್ಲಾದರೂ ಬಿದ್ದು ಕುದುರೆಗೊಂದು ಪೆಟ್ಟು ತಗುಲಿದ್ದರೆ ಈ ಬರಹ ಇರುತ್ತಿರಲಿಲ್ಲ. ಈಗಲೂ ರಾತ್ರಿ ಒಮ್ಮೊಮ್ಮೆ ಆ ಹಂಪುಗಳು ನೆನಪಾಗುತ್ತವೆ.

ಠಾಣೆಯಲ್ಲಿ ಆ ದಿನ ಕೋವಿ ಸಂತೆ. ಗೋಡೆಗೆ ಒರಗಿಸಿದ ಅರುವತ್ತಕ್ಕೂ ಜಾಸ್ತಿ ಕೋವಿ, ಒಂದೊಂದಕ್ಕೂ ದಾರದಲ್ಲಿ ಚೀಟಿ. ಮೇಜಿನ ಹಿಂದೆ ರೈಟರ್, ಅಂದರೆ ಹಳೇ ಹೆಡ್ ಕಾನ್‌ಸ್ಟೇಬಲ್, ಕುಮಟಾ ಕಡೆಯವರು. ಪಕ್ಕದಲ್ಲಿ ಕೋವಿ ಇಸಿದುಕೊಳ್ಳಲು ನಿಂತಿದ್ದವನು ವಿಜಯಪುರ ಕಡೆಯ ಹುಡುಗ, ಕಾನ್‌ಸ್ಟೇಬಲ್, ಈ ಠಾಣೆಗೆ ಬಂದು ಎರಡು ತಿಂಗಳು. ನಮ್ಮ ಜಿಲ್ಲೆಯ ಠಾಣೆಗಳಲ್ಲಿ ಬಯಲುಸೀಮೆಯ ಹುಡುಗರು ಬಹಳ, ಅವರು ಬಂದ ಹೊಸತರಲ್ಲಿ ಮಳೆಗೂ ರಕ್ತ ಹೀರುವ ಉಂಬಳಕ್ಕೂ ಹೆದರುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಆದರೆ ಕೇಪಿನ ಕೋವಿಯನ್ನು ಅವನು ಆ ವಾರದ ಹಿಂದೆ ಜನ್ಮದಲ್ಲೇ ಕಂಡವನಲ್ಲ.

ನನ್ನ ಸರದಿ ಬಂತು. ರೈಟರ್ ತಲೆ ಎತ್ತದೆ ಕೇಳಿದರು, "ಹೆಗಡೇರೆ, ಖಾಲಿ ಉಂಟಲ್ಲ?" ನಾನು "ಹೌದು" ಅಂದೆ. ಅವರು ಬರೆದುಕೊಂಡರು. ಹುಡುಗ ಕೋವಿ ಕೈಗೆ ತಗೊಂಡು ಹಿಂದೆ ಮುಂದೆ ನೋಡಿದ. "ಇದನ್ನ ಎಲ್ಲಿ ತೆರಿಬೇಕ್ರೀ?" ಅಂದ. ತೆರೆಯುವುದಿಲ್ಲ ಎಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನೋಡಿ, ಅವನು ಸೋಮಾರಿ ಆಗಿದ್ದರೆ ಏನೂ ಆಗುತ್ತಿರಲಿಲ್ಲ, ಕೋವಿ ತಗೊಂಡು ಗೋಡೆಗೆ ಒರಗಿಸಿಬಿಡುತ್ತಿದ್ದ. ಅವನು ಚೆಕ್ ಮಾಡಬೇಕು ಅಂದುಕೊಂಡ. ಗೊತ್ತಿದ್ದದ್ದು ರೈಫಲ್ ಖಾಲಿ ಮಾಡುವ ಡ್ರಿಲ್. ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ತೆಗೆ, ಬೋಲ್ಟ್ ಎಳೆ, ಚೇಂಬರ್ (ಗುಂಡು ಕೂರುವ ಜಾಗ) ನೋಡು, ಬೋಲ್ಟ್ ಮುಂದಕ್ಕೆ ಬಿಡು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಇಟ್ಟು ಟ್ರಿಗರ್ ಒತ್ತು. ಈ ಕೋವಿಗೆ ಮ್ಯಾಗಜಿನ್ ಇಲ್ಲ, ಬೋಲ್ಟ್ ಇಲ್ಲ, ನೋಡಲು ಚೇಂಬರ್ ಇಲ್ಲ. ಉಳಿದದ್ದು ಕೊನೆಯ ಎರಡು. ಕೋವಿಯನ್ನು ಮೇಲಕ್ಕೆತ್ತಿದ, ಕುದುರೆ ಎಳೆದ, ಟ್ರಿಗರ್ ಒತ್ತಿದ.

ಮುಚ್ಚಿದ ಕೋಣೆಯಲ್ಲಿ ಕರಿಮದ್ದಿನ ಸದ್ದು ಹೇಗಿರುತ್ತದೆ ಎಂದು ಬರೆಯಲು ಬರುವುದಿಲ್ಲ. ಸದ್ದಿಗಿಂತ ಹೊಗೆ ನೆನಪಿದೆ. ಬೆಳ್ಳಗೆ ದಟ್ಟ ಹೊಗೆ, ದೀಪಾವಳಿಯ ಮರುದಿನ ಬೆಳಿಗ್ಗೆಯ ವಾಸನೆ, ಅದರೊಳಗಿಂದ ಹೆಂಚಿನ ಚೂರು ಟಪಟಪ ಬೀಳುವುದು. ಒಂದು ಚೂರು ರೈಟರ್ ನೆತ್ತಿಗೆ. ಅವರು ಹಾಳೆಯ ಮೇಲೆ ರಕ್ತ ಬೀಳುವುದನ್ನು ನೋಡಿ ಮೊದಲು ರಿಜಿಸ್ಟರನ್ನು ಆಚೆ ಸರಿಸಿದರು, ಆಮೇಲೆ ತಲೆ ಹಿಡಿದುಕೊಂಡರು. ಹುಡುಗ ಕೋವಿ ಕೆಳಗೆ ಬಿಡಲಿಲ್ಲ, ಮೇಲಕ್ಕೇ ಹಿಡಿದು ಗೊಂಬೆ ಹಾಗೆ ನಿಂತಿದ್ದ.

ಆ ನಳಿಗೆ ಮೇಲಕ್ಕೆ ಇತ್ತು ಎಂಬುದನ್ನು ಬೇಕೆಂದೇ ಎರಡನೇ ಸಲ ಹೇಳುತ್ತಿದ್ದೇನೆ. ಆ ಕೋಣೆಯಲ್ಲಿ ಎಂಟು ಮಂದಿ ಇದ್ದೆವು. ಅಷ್ಟು ಹತ್ತಿರದಿಂದ ಚರೆ ಹರಡುವುದಿಲ್ಲ, ಒಟ್ಟಾಗಿ ಒಂದೇ ಗುಂಡಿನ ಹಾಗೆ ಹೋಗುತ್ತದೆ. ತರಬೇತಿ ಶಾಲೆಯಲ್ಲಿ ಯಾರೋ ಉಸ್ತಾದರು ಆ ಹುಡುಗನ ತಲೆಗೆ ಒಂದು ವಿಷಯ ಸರಿಯಾಗಿ ತುಂಬಿದ್ದರು, ನಳಿಗೆ ಎತ್ತ ಮುಖ ಮಾಡಿರಬೇಕು ಎಂಬುದು. ಆ ಒಂದು ಪಾಠದಿಂದ ನಾವು ಉಳಿದೆವು. ತರಬೇತಿ ಏನೂ ಇಲ್ಲ ಎಂದು ಬೈಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಮುಂದಿನ ಒಂದು ತಾಸಿನಲ್ಲಿ ನಡೆದದ್ದೇ ನನ್ನ ಮಟ್ಟಿಗೆ ಪ್ರಕರಣದ ಅಸಲು ಭಾಗ. ಸಾಹೇಬರು ಬಂದರು. ಬೈಯಲಿಲ್ಲ. ನನ್ನನ್ನು ಒಳಗೆ ಕರೆದು ಚಾ ತರಿಸಿದರು. ಕೇಸು ಮಾಡಿದರೆ ಏನೇನಾಗುತ್ತದೆ ಎಂದು ಮೆಲ್ಲಗೆ ವಿವರಿಸಿದರು. ಆಗಿನ ಐಪಿಸಿ 337, ಅಂದರೆ ನಿರ್ಲಕ್ಷ್ಯದಿಂದ ಗಾಯ, ಅದು ಹುಡುಗನ ಮೇಲೆ. ಅವನಿಗೆ ಇಲಾಖಾ ವಿಚಾರಣೆ ಬೇರೆ. ತುಂಬಿದ ಕೋವಿ ಠಾಣೆಗೆ ತಂದದ್ದಕ್ಕೆ ಆಯುಧ ಕಾಯ್ದೆ ನಮ್ಮ ಮೇಲೆ, ಅಪ್ಪಯ್ಯನ ಲೈಸೆನ್ಸ್ ಹೋಗುವುದು ಖಂಡಿತ. ಎಪ್ಪತ್ತು ದಾಟಿದ ಮನುಷ್ಯ ಕೋರ್ಟ್ ಮೆಟ್ಟಿಲು ಹತ್ತಬೇಕು. "ನೀವೇ ಹೇಳಿ ಹೆಗಡೇರೆ, ಯಾರಿಗೆ ಏನು ಲಾಭ?" ನನಗೂ ಲಾಭ ಕಾಣಲಿಲ್ಲ. ಆಸ್ಪತ್ರೆಯಲ್ಲಿ 'ಮಾಡಿನ ಹೆಂಚು ಬಿದ್ದು ಗಾಯ' ಎಂದು ಬರೆಸಿದರು. ಸುಳ್ಳಲ್ಲ ನೋಡಿ, ಹೆಂಚೇ ಬಿದ್ದದ್ದು. ನನ್ನ ರಸೀದಿಯಲ್ಲಿ ಮೊದಲೇ ಬರೆದಿದ್ದ 'ಖಾಲಿ' ಹಾಗೇ ಉಳಿಯಿತು. ಆ ಹೊತ್ತಿಗೆ ಅದೂ ನಿಜವೇ ಆಗಿತ್ತು.

ಹೀಗೆ ಎಲ್ಲರೂ ಉಳಿದುಕೊಂಡೆವು. ಪಕ್ಕದ ತಾಲೂಕಿನಲ್ಲಿ ಅದೇ ವಾರ, ಅದೇ ರೀತಿ ಕೋವಿ ಇಸಿದುಕೊಳ್ಳುತ್ತಿದ್ದ ಇನ್ನೊಬ್ಬ ಹುಡುಗನಿಗೆ ಈ ವಿಷಯ ತಲುಪುವ ದಾರಿಯನ್ನು ಮಾತ್ರ ನಾವು ಏಳೆಂಟು ಮಂದಿ ಸೇರಿ ಮುಚ್ಚಿದೆವು.

ಹತ್ತು ದಿನ ಬಿಟ್ಟು ಆ ಹುಡುಗ ಪೇಟೆಯಲ್ಲಿ ಸಿಕ್ಕ. ಚಾ ಅಂಗಡಿಯಲ್ಲಿ ಕೂತೆವು. ಅವನು ಹೇಳಿದ ಒಂದು ಮಾತು ನನಗೆ ಇವತ್ತಿಗೂ ಮರೆಯುವುದಿಲ್ಲ. ಕುದುರೆ ಎಳೆದಾಗ ತಾಮ್ರದ ಟೊಪ್ಪಿ ಅವನಿಗೆ ಕಂಡಿತ್ತಂತೆ. "ಅದು ಕೋವಿದ ಭಾಗಾನ ಅನ್ಕೊಂಡೆ ರೀ." ಕಣ್ಣೆದುರೇ ಇತ್ತು, ನೋಡಿದ್ದಾನೆ, ಏನೆಂದು ಗೊತ್ತಿಲ್ಲ. ಇದನ್ನು ಅಜಾಗರೂಕತೆ ಅನ್ನುತ್ತೀರಾ? ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಅವನ ತರಬೇತಿಯ ಬಗ್ಗೆ ಕೇಳಿದೆ. ಶಾಲೆಯಲ್ಲಿದ್ದಾಗ ರೈಫಲ್ ಬಿಚ್ಚಿ ಜೋಡಿಸುವುದು ಚೆನ್ನಾಗಿ ಕಲಿಸಿದ್ದರಂತೆ. ಆಮೇಲೆ ನೌಕರಿಯ ಐದು ವರ್ಷದಲ್ಲಿ ಎರಡು ಸಲ ಫೈರಿಂಗ್‌ಗೆ ಕರೆ ಬಂದಿತ್ತು. ಎರಡೂ ಸಲ ಹತ್ತತ್ತು ಗುಂಡು. ಸಾಲಾಗಿ ಮಲಗಬೇಕು, ಹಿಂದೆ ನಿಂತವರು 'ತುಂಬು' ಅಂದರೆ ತುಂಬಬೇಕು, 'ಹೊಡೆ' ಅಂದರೆ ಹೊಡೆಯಬೇಕು, 'ಖಾಲಿ ಮಾಡು' ಅಂದರೆ ಮಾಡಬೇಕು. ಗುರಿಯಲ್ಲಿ ಎಷ್ಟು ತೂತು ಎಂದು ಎಣಿಸಿ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಬಗ್ಗಿ ಖಾಲಿ ಕೇಸು, ಅಂದರೆ ಹೊಡೆದ ಗುಂಡಿನ ಹಿತ್ತಾಳೆ ಕವಚ, ಹೆಕ್ಕಬೇಕು. ಒಂದು ಕೇಸು ಕಡಿಮೆ ಬಂದರೆ ಊಟವೂ ಇಲ್ಲ, ಅದು ಸಿಗುವ ತನಕ ಹುಲ್ಲಿನಲ್ಲಿ ತಡಕಾಡಬೇಕು. "ಗುಂಡು ಹೊಡಿಯೋದು ಐದು ನಿಮಿಷ, ಆರಿಸೋದು ಒಂದ್ ತಾಸ್ ರೀ" ಅಂದ. ಲೆಕ್ಕ ಬಿಗಿಯಾಗಿರಬೇಕು ಸರಿ, ಗುಂಡು ಕಳೆದುಹೋಗಬಾರದ ವಸ್ತು. ಆದರೆ ಹಿತ್ತಾಳೆಯ ಮೇಲಿರುವ ಕಾಳಜಿಯಲ್ಲಿ ಕಾಲು ಭಾಗ ಕೈಗಳ ಮೇಲೆ ಇದ್ದಿದ್ದರೆ ಎಂದು ನನಗೆ ಅನಿಸಿತು. ಆ ಇಡೀ ದಿನದಲ್ಲಿ ಒಬ್ಬನೇ ನಿಂತು, ಯಾರ ಹುಕುಂ ಇಲ್ಲದೆ, ಅಪರಿಚಿತ ಆಯುಧವನ್ನು ತಾನೇ ಖಾಲಿ ಮಾಡಿ ತೋರಿಸಿದ ಅನುಭವ ಅವನಿಗೆ ಒಮ್ಮೆಯೂ ಇರಲಿಲ್ಲ.

ಫೈರಿಂಗ್ ಯಾಕೆ ಇಷ್ಟು ಕಡಿಮೆ ಅಂದರೆ ಕಾರಣಗಳು ಕಣ್ಣಿಗೆ ಕಾಣುವಂಥವೇ. .303 ರೈಫಲ್ಲಿನ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗುತ್ತದೆ, ಹಿಂದೆ ದೊಡ್ಡ ಗುಡ್ಡ ಇಲ್ಲದ ಕಡೆ ಹೊಡೆಯುವ ಹಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಗುಡ್ಡಕ್ಕೇನು ಬರ, ಆದರೆ ಮುಕ್ಕಾಲು ಪಾಲಿಗೂ ಜಾಸ್ತಿ ಕಾಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಉಳಿದ ತಿಂಗಳು ಜಾತ್ರೆ, ಬಂದೋಬಸ್ತ್, ಚುನಾವಣೆ, ಮಂತ್ರಿಗಳು. ಮಾರಿಕಾಂಬಾ ಜಾತ್ರೆ ಬಂದರೆ ಇಡೀ ತಾಲೂಕಿನ ಪೊಲೀಸರು ಅಲ್ಲೇ. ಸಶಸ್ತ್ರ ಪಡೆ, ಆಯುಧ ರಿಪೇರಿಯ ಆರ್ಮರರ್ ಎಲ್ಲ ಕಾರವಾರದಲ್ಲಿ, ದೇವಿಮನೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಠಾಣೆಯ ಸಿವಿಲ್ ಪೊಲೀಸರ ಕೈಯಲ್ಲಿ ದಿನವೂ ಇರುವುದು ಲಾಠಿ, ಪೆನ್ನು.

ಅದಕ್ಕೇ ನಾನು 'ಜಾಸ್ತಿ ಗುಂಡು ಹೊಡೆಸಿ' ಎಂದು ಹೇಳುವ ಪಂಗಡದವನಲ್ಲ. ಗುರಿ ಅಷ್ಟು ಸುಲಭಕ್ಕೆ ದಕ್ಕುವುದೂ ಇಲ್ಲ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕ ಇದೆ. 1998ರಿಂದ 2006ರ ತನಕ ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ನೂರು ಗುಂಡಿನಲ್ಲಿ ಗುರಿ ತಾಗಿದ್ದು ಸರಾಸರಿ 18. ಎದುರಿನವನು ಹಾರಿಸದೇ ಇದ್ದಾಗಲೂ 30. ಅಷ್ಟು ದುಡ್ಡಿರುವ ಇಲಾಖೆಯ ಕಥೆ ಇದು. ನಮ್ಮ ಘಟ್ಟದ ಮೇಲಿನ ಕಾನ್‌ಸ್ಟೇಬಲ್ ನಿವೃತ್ತಿ ತನಕ ಒಬ್ಬ ಮನುಷ್ಯನ ಮೇಲೆ ಗುಂಡು ಹಾರಿಸದೇ ಇರಬಹುದು, ಇರಲಿ ದೇವರೇ. ಆದರೆ ಅವನ ಕೈಯಲ್ಲಿ ಬೇರೆಯವರ ಕೋವಿಗಳು ನೂರಾರು ಹಾದುಹೋಗುತ್ತವೆ. ಠೇವಣಿಯ ಕೋವಿ, ಕಾಡಿನಲ್ಲಿ ಸಿಕ್ಕ ಕಳ್ಳಬೇಟೆಯ ಕೋವಿ, ಜಗಳದಲ್ಲಿ ಕಿತ್ತುಕೊಂಡದ್ದು, ಯಾರೋ ಸತ್ತ ಮೇಲೆ ಮನೆಯವರು ತಂದು ಒಪ್ಪಿಸಿದ್ದು. ಅವನ ನಿಜವಾದ ಕೋವಿ ಕೆಲಸ ಇದೇ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಪಿಸ್ತೂಲಿನದ್ದೂ ಇದೇ ಜಾತಿಯ ಕಥೆ. ಮೊದಲು ಮ್ಯಾಗಜಿನ್ ತೆಗೆದು ಆಮೇಲೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎಳೆದರೆ ಚೇಂಬರಿನ ಗುಂಡು ಹೊರಗೆ ಬೀಳುತ್ತದೆ. ಇದನ್ನೇ ತಿರುಗಾಮುರುಗಾ ಮಾಡಿದರೆ, ಅಂದರೆ ಮೊದಲು ಸ್ಲೈಡ್ ಎಳೆದರೆ, ಮ್ಯಾಗಜಿನ್ನಿನಿಂದ ಹೊಸ ಗುಂಡು ಚೇಂಬರಿಗೆ ಏರಿ ಕೂರುತ್ತದೆ. ಎರಡೂ ಕೆಲಸ ಮಾಡಿದ ಸಮಾಧಾನ ಮನಸ್ಸಿಗೆ, ಗುಂಡು ಮಾತ್ರ ಒಳಗೇ. 2023ರ ಡಿಸೆಂಬರ್ 8ರಂದು ಉತ್ತರ ಪ್ರದೇಶದ ಅಲಿಗಢದ ಒಂದು ಠಾಣೆಯಲ್ಲಿ ಪಾಸ್‌ಪೋರ್ಟ್ ಪರಿಶೀಲನೆಗೆ ಬಂದು ನಿಂತಿದ್ದ ಹೆಂಗಸಿಗೆ ಸಬ್ ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಪಿಸ್ತೂಲಿನ ಗುಂಡು ತಗುಲಿತು, ಕೆಲವು ದಿನಕ್ಕೆ ಆಕೆ ತೀರಿಕೊಂಡರು. ಆ ಸುದ್ದಿ ಓದಿದಾಗ ನಾನು ಆ ಹೆಂಚಿನ ಕೋಣೆಯಲ್ಲಿ ನಿಂತಿದ್ದ ಎಂಟೂ ಮಂದಿಯನ್ನು ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡೆ. ಅದಕ್ಕೆ ಒಂದು ವರ್ಷ ಹಿಂದೆ ಅದೇ ರಾಜ್ಯದ ಖಲೀಲಾಬಾದಿನಲ್ಲಿ ಒಬ್ಬ ಸಬ್ ಇನ್ಸ್‌ಪೆಕ್ಟರ್, ತಪಾಸಣೆಗೆ ಬಂದ ಮೇಲಧಿಕಾರಿಯ ಎದುರು ಆಯುಧದ ಬಾಯಿಯಿಂದ ಗುಂಡು ಒಳಗೆ ಹಾಕಿದ ವಿಡಿಯೋ ಎಲ್ಲ ಕಡೆ ಓಡಾಡಿತು. ದೇಶವೆಲ್ಲ ನಕ್ಕಿತು. ನಮ್ಮೂರಲ್ಲಿ ಆ ವಿಡಿಯೋ ನೋಡಿದ ಅಪ್ಪಯ್ಯ ಮಾತ್ರ "ಸರಿಯಾಗೇ ಹಾಕಿದ್ನಲಾ" ಅಂದಿದ್ದರು. ಕೇಪಿನ ಕೋವಿಯ ಮನುಷ್ಯ ಅವರು.

ಮತದಾನ ಮುಗಿದು ಕೋವಿ ವಾಪಸ್ ಕೊಡುವ ಮೊದಲು ಠಾಣೆಗೆ ಒಬ್ಬ ಆರ್ಮರರ್ ಬಂದಿದ್ದರು. ಹೇಗೆ ಬಂದರು, ಯಾವ ನೆಪದಲ್ಲಿ ಕರೆಸಿದರು ಎಂದು ನಾನು ಕೇಳಲು ಹೋಗಲಿಲ್ಲ. ಹೊಟ್ಟೆ ಬಂದ, ನಿಧಾನ ಮಾತಿನ, ನಿವೃತ್ತಿ ಹತ್ತಿರದ ಮನುಷ್ಯ. ಕೇಪಿನ ಕೋವಿಗಳನ್ನೆಲ್ಲ ಬೇರೆ ಸಾಲು ಮಾಡಿಸಿದರು. ಒಂದೊಂದರಲ್ಲೂ ಮೊದಲು ಕುದುರೆ ಅರ್ಧ ಎತ್ತಿ ಕೇಪು ನೋಡಿದರು. ಆಮೇಲೆ ಗಜವನ್ನು ಬಾಯಿಯಿಂದ ಬುಡದ ತನಕ ಇಳಿಸಿ, ಬಾಯಿಯ ಮಟ್ಟಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲೇ ಇಟ್ಟು ಅಳೆದರು. ಗಜದ ತುದಿ ಕೇಪಿನ ತೂತಿನ ಹತ್ತಿರಕ್ಕೆ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಈಡು ಇದೆ. ಅಷ್ಟೇ ವಿದ್ಯೆ.

ಇನ್ನೂ ನಾಲ್ಕು ಕೋವಿ ತುಂಬಿದ್ದು ಸಿಕ್ಕವು. ಐದು ವಾರ ಅವು ಗೋಡೆಗೆ ಒರಗಿ, ಚೀಟಿ ಕಟ್ಟಿಸಿಕೊಂಡು, ರಿಜಿಸ್ಟರಿನಲ್ಲಿ 'ಖಾಲಿ' ಆಗಿ ನಿಂತಿದ್ದವು. ಕಸ ಗುಡಿಸುವ ಹೆಂಗಸು ದಿನಾ ಅವುಗಳ ಬುಡ ಗುಡಿಸುತ್ತಿದ್ದಳು. ಆರ್ಮರರ್ ಅವುಗಳ ಕೇಪು ಇದ್ದ ಕಡೆ ನೀರು ಬಿಟ್ಟು, ಸುರುಳಿ ತುದಿಯ ಸರಳಿನಿಂದ ನಾರು ಕಿತ್ತು, ಚರೆ ಮದ್ದು ಎಲ್ಲ ಕಾಗದದ ಮೇಲೆ ಸುರಿದು ತೋರಿಸಿದರು. ಆ ವಿಜಯಪುರದ ಹುಡುಗ ಮೊದಲ ಸಾಲಿನಲ್ಲಿ ನಿಂತು ನೋಡಿದ, ಒಂದು ಕೋವಿಯನ್ನು ತಾನೇ ಅಳೆದ. ಇಡೀ ಠಾಣೆಗೆ ಕಲಿಸಲು ಹಿಡಿದದ್ದು ಅರ್ಧ ತಾಸು. ಗುಂಡು ಖರ್ಚಾಗಲಿಲ್ಲ, ಮೈದಾನ ಬೇಕಾಗಲಿಲ್ಲ, ಕೇಸು ಹೆಕ್ಕಬೇಕಾಗಲಿಲ್ಲ. ಈ ಅರ್ಧ ತಾಸನ್ನು ಠೇವಣಿ ಶುರುವಾಗುವ ಹಿಂದಿನ ದಿನ ಇಟ್ಟುಕೊಳ್ಳಲು ಏನು ಅಡ್ಡಿ ಎಂದು ನಾನು ಅವತ್ತು ಕೇಳಿದೆ. ಸಾಹೇಬರು "ಮುಂದಿನ ಸಲ ಮಾಡೋಣ" ಅಂದರು. ಅವರಿಗೆ ಆಗಲೇ ವರ್ಗದ ಆದೇಶ ಬಂದಿತ್ತು ಎಂದು ಆಮೇಲೆ ಗೊತ್ತಾಯಿತು.

ರೈತರ ತಪ್ಪನ್ನು ಮುಚ್ಚಿಡುತ್ತಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಹೊಸ ಲೈಸೆನ್ಸ್ ಬೇಕಾದವರು ಸುರಕ್ಷತೆಯ ತರಬೇತಿ ಪಡೆದಿರಬೇಕು. ನಮ್ಮಂಥ ಅಜ್ಜನ ಕಾಲದ ಲೈಸೆನ್ಸಿನ ಮನೆಗಳಲ್ಲಿ ಅಂಥದ್ದೇನೂ ನಡೆದಿಲ್ಲ, ಅಪ್ಪ ಮಗನಿಗೆ ತೋರಿಸಿದ್ದೇ ತರಬೇತಿ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನ ಅವಧಿ ಮೂರು ವರ್ಷದ ಬದಲು ಐದು ವರ್ಷ ಆಗಿದೆ. ನವೀಕರಣಕ್ಕೆ ಹೋದಾಗ ಕಾಗದ ನೋಡುತ್ತಾರೆ, ಕೈ ನೋಡುವವರಿಲ್ಲ. ಆದರೂ ಒಂದು ವ್ಯತ್ಯಾಸ ಇದೆ. ನಾನು ಮರೆತರೆ ಹಿಡಿಯಲು ಆ ಮೇಜು ಇರುವುದು. 'ಖಾಲಿ ಉಂಟಲ್ಲ?' ಎಂದು ಬಾಯಲ್ಲಿ ಕೇಳಿ ಬಾಯಿಮಾತನ್ನೇ ಬರೆದುಕೊಂಡರೆ ಆ ಮೇಜಿಗೆ ಕೆಲಸವೇ ಇಲ್ಲ.

ಅಪ್ಪಯ್ಯ ಈಗ ಇಲ್ಲ, ಆ ಕೋವಿಯನ್ನೂ ಒಪ್ಪಿಸಿ ಆಯಿತು, ಅದಕ್ಕೇ ಇದನ್ನೆಲ್ಲ ಬರೆಯುವ ಧೈರ್ಯ. ಅವರು ಇದ್ದಾಗಲೇ ಇನ್ನೊಂದು ಠೇವಣಿ ಆಗಿತ್ತು. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ, ನಮ್ಮಲ್ಲಿ ಮತದಾನ ಮೇ 7ಕ್ಕೆ. ಮತ್ತೆ ಅದೇ ಠಾಣೆ, ಅದೇ ಮೇಜು. ಮಾಡಿನಲ್ಲಿ ಮೂರು ಹೆಂಚು ಮಾತ್ರ ಕೆಂಪಗೆ ಹೊಸದು. ರೈಟರ್ ಬೇರೆ, ಹುಡುಗನೂ ಬೇರೆ, ಹಳಬನಿಗೆ ಕರಾವಳಿಯ ಕಡೆ ವರ್ಗ ಆಗಿತ್ತು. "ಖಾಲಿ ಇದೆಯಾ?" ಅಂದರು. ನಾನು ಉತ್ತರ ಕೊಡದೆ ಗಜ ಎಳೆದು, ಕುದುರೆ ಎತ್ತಿ ತೋರಿಸಿ, ನಳಿಗೆಗೆ ಇಳಿಸಿ, ಪಕ್ಕದಲ್ಲಿಟ್ಟು ಅಳೆದು ತೋರಿಸಿದೆ. ಹೊಸ ಹುಡುಗ ಬಗ್ಗಿ ನೋಡಿದ. ರೈಟರ್‌ಗೆ ಹೇಳಿದೆ, ಷರಾ ಕಾಲಂನಲ್ಲಿ 'ಗಜ ಹಾಕಿ ನೋಡಲಾಗಿದೆ' ಎಂದು ಬರೆಯಿರಿ ಎಂದು. ಅವರು ವಿಚಿತ್ರವಾಗಿ ನೋಡಿದರು, ಆದರೆ ಬರೆದರು.

ನನ್ನ ಹಿಂದೆ ನಿಂತಿದ್ದವರು ಮುಂದೆ ಬಂದರು. ಅವರದ್ದೂ ಕೇಪಿನ ಕೋವಿ. "ಖಾಲಿ ಇದೆಯಾ?" "ಹೌದು." ಷರಾ ಕಾಲಂ ಬಿಟ್ಟು ರೈಟರ್ ಮುಂದಿನ ಸಾಲಿಗೆ ಹೋದರು.